ನೂರಿಪ್ಪತ್ತು ಕೊಳವೆ, ಎಂಟು ಸ್ಕ್ರೂ

ಪಾಷಾಣ, ಪುಣೆ
18 ಆಗಸ್ಟ್ 2024, ರವಿವಾರ

ಅಪ್ಪಾ,

ಮೇ ತಿಂಗಳಿಂದ ನಿನ್ನ ದನಿ ಕೇಳಿಲ್ಲ. ಫೋನ್ ಮಾಡಿದಾಗಲೆಲ್ಲ ಅವ್ವನೇ ಎತ್ತುತ್ತಾಳೆ. "ನಿಮ್ಮಪ್ಪ ಹೊರಗ ಹೋಗ್ಯಾರ" ಅನ್ನುತ್ತಾಳೆ. ಹಿಂದೆ ನಿನ್ನ ಕೆಮ್ಮು ಕೇಳಿಸುತ್ತಿರುತ್ತದೆ.

ನಿನ್ನ ಸಿಟ್ಟು ಯಾತಕ್ಕೆಂದು ನನಗೆ ಗೊತ್ತು. ಮೇ ತಿಂಗಳಲ್ಲಿ ನಾನು ರಾಂಜಣಗಾಂವಕ್ಕೆ ಬಂದಾಗ ನನ್ನ ಪ್ರಯೋಗದ ಒಂದು ಭಾಗದ ಡ್ರಾಯಿಂಗ್ ನೋಡಿ ನೀನು, "ಇದನ್ನ ನಾ ಮಾಡಿಕೊಡ್ತೀನಿ ತಗೋ" ಅಂದೆ. ನಾನು ನಕ್ಕು, "ಅಪ್ಪಾ, ಇದು ನಿಮ್ಮ ಕಾರ್ಖಾನಿ ಬುಶ್ ಅಲ್ಲ" ಅಂದೆ. ಭೀಮಣ್ಣ ಕಾಕಾನೂ ನಕ್ಕ. ನೀನೂ ನಕ್ಕಂತೆ ಮಾಡಿ, ಕಾಗದವನ್ನು ಮಂಚದ ಮೇಲಿಟ್ಟು ಚಹಾ ಕುಡಿಯಲು ಹೊರಗೆ ಹೋದೆ. ಇಪ್ಪತ್ತೊಂಬತ್ತು ವರ್ಷ ಲೇಥ್ ಮೇಲೆ ಯಂತ್ರಗಳ ಬುಶ್ ಕಡೆದವನಿಗೆ, ಅದೂ ಜೊತೆಗಾರನ ಮುಂದೆ, ಹಾಗೆ ಅನ್ನಬಾರದಿತ್ತು.

ಈಗ ಅದೇ ಭಾಗವನ್ನು ಬೇಡಲು ಬಂದಿದ್ದೇನೆ. ನಮ್ಮ ಸಂಸ್ಥೆಯ ವರ್ಕ್‌ಶಾಪಿನಲ್ಲಿ ಜನವರಿವರೆಗೆ ಸರದಿ ಇದೆ. ಹೊರದೇಶದಿಂದ ತರಿಸಿದರೆ ಏಳು ತಿಂಗಳು. ಸಿಂಧು ಮೇಡಂ ನನ್ನ ಪಿಎಚ್‌ಡಿ ಗೈಡ್, ಮೈಸೂರಿನವರು. ನಿನ್ನೆ ಕರೆದು ಹೇಳಿದರು: "ನೋಡಿ ದುರ್ಗಾ, ಫೆಬ್ರವರಿ ಹನ್ನೆರಡಕ್ಕೆ ಕಮಿಟಿ ಬರುತ್ತೆ. ಅಷ್ಟರೊಳಗೆ ಪರಮಾಣು ಕಿರಣ ತೋರಿಸ್ಬೇಕು. ಇಲ್ಲಾಂದ್ರೆ ಅವರು ರೆಡಿಮೇಡ್ ತರಿಸ್ತಾರೆ, ನಿಮ್ಮನ್ನ ಬೇರೆ ಪ್ರಾಜೆಕ್ಟಿಗೆ ಹಾಕ್ತಾರೆ." ಹಾಗಾದರೆ ಎರಡೂವರೆ ವರ್ಷದ ನನ್ನ ಕೆಲಸ ಮತ್ತೆ ಮೊದಲಿನಿಂದ ಶುರು.

ಆ ಭಾಗವನ್ನು ಮಾಡಿಕೊಡುತ್ತೀಯಾ? ಡ್ರಾಯಿಂಗ್ ಜೊತೆಗಿಟ್ಟಿದ್ದೇನೆ.

ತಪ್ಪು ಮಾತಾಡಿದ ಮಗಳು,
ದುರ್ಗಾ

*

ರಾಂಜಣಗಾಂವ
25 ಆಗಸ್ಟ್ 2024

ದುರ್ಗಾ,

ಕಾಗದ ಮುಟ್ಟಿತು. ಸಿಟ್ಟಿನ ಮಾತಿಗೆ ಉತ್ತರ ಬರೆಯುವುದಿಲ್ಲ. ಕೆಲಸದ ಮಾತು ಬರೆಯುತ್ತೇನೆ.

ಡ್ರಾಯಿಂಗ್ ನೋಡಿದೆ. ಉಕ್ಕಿನ ಗಟ್ಟಿಯಲ್ಲಿ ತ್ರಿಕೋನದ ತೋಡು ತೆಗೆಯಬೇಕು, ಅದರಲ್ಲಿ ಸೂಜಿಯಂಥ ಕೊಳವೆ ತುಂಬಬೇಕು, ಮೇಲೊಂದು ಮುಚ್ಚಳ, ಎಂಟು ಸ್ಕ್ರೂ. ಇದರಲ್ಲಿ ಆಗದ್ದು ಏನೂ ಇಲ್ಲ. ಆದರೆ ಏನು ಮಾಡುತ್ತಿದ್ದೇನೆಂದು ತಿಳಿಯದೆ ನಾನು ಲೇಥ್ ಚಾಲೂ ಮಾಡುವವನಲ್ಲ. ಪರಮಾಣುವಿನ ಕಿರಣ ಎಂದರೆ ಏನು? ಕೊಳವೆ ಅಷ್ಟು ಸಣ್ಣದು ಯಾಕೆ? ಒಂದೇ ದೊಡ್ಡ ತೂತು ಯಾಕೆ ಸಾಲದು? ಸೋಲಾಪುರದಿಂದ ಒಂದು ದಿನ ತಡವಾಗಿ ಬರುವ ಕನ್ನಡ ಪೇಪರಿನಲ್ಲಿ ವಿಜ್ಞಾನದ ಪುಟ ಓದುತ್ತೇನೆ. ಆ ಮಟ್ಟಕ್ಕೆ ತಿಳಿಯುವಂತೆ ಬರೆ.

ನಮ್ಮ ಮಾಲೀಕರು, ಶೇಠರು, ಪಾಳಿ ಮುಗಿದ ಮೇಲೆ ಮಷೀನ್ ಬಳಸಲು ಒಪ್ಪಿದ್ದಾರೆ.

ಅವ್ವ ಶೇಂಗಾ ಚಟ್ನಿ ಮಾಡಿದ್ದಾಳೆ. ಭೀಮಣ್ಣ ಪುಣೆಗೆ, ಶಿವಾಜಿನಗರಕ್ಕೆ, ಬಂದಾಗ ಕೊಡುತ್ತಾನೆ.

ನಿನ್ನ ಅಪ್ಪ,
ಗುರಣ್ಣ

*

ಪಾಷಾಣ
4 ಸೆಪ್ಟೆಂಬರ್ 2024

ಅಪ್ಪಾ,

ಚಟ್ನಿ ಬಂತು. ಅರ್ಧ ನಮ್ಮ ಲ್ಯಾಬಿನ ಅವಿನಾಶ್ ತಿಂದ. ಈಗ ನಿನ್ನ ಪ್ರಶ್ನೆಗಳು.

ಸ್ಟ್ರಾನ್ಷಿಯಂ ಎಂಬ ಲೋಹವಿದೆ. ದೀಪಾವಳಿಯ ಪಟಾಕಿಗೆ ಕೆಂಪು ಬಣ್ಣ ಕೊಡುವುದು ಅದೇ. ಒಂದು ಉಕ್ಕಿನ ಡಬ್ಬಿಯಿಂದ ಗಾಳಿಯನ್ನೆಲ್ಲ ಪಂಪಿನಿಂದ ತೆಗೆದು, ಒಳಗೊಂದು ಸಣ್ಣ ಒಲೆಯಿಟ್ಟು, ಆ ಲೋಹವನ್ನು ಐನೂರು ಡಿಗ್ರಿಗೆ ಕಾಯಿಸುತ್ತೇವೆ. ಲೋಹದಿಂದ ಪರಮಾಣುಗಳು ಒಂದೊಂದಾಗಿ ಏಳುತ್ತವೆ. ತಡೆಯಲು ಗಾಳಿ ಇಲ್ಲ, ಆದ್ದರಿಂದ ಗೋಡೆಗೆ ಬಡಿಯುವತನಕ ನೇರವಾಗಿ ಹೋಗುತ್ತವೆ.

ಒಲೆಗೆ ಒಂದೇ ದೊಡ್ಡ ತೂತು ಇಟ್ಟರೆ ಅವು ಎಲ್ಲ ದಿಕ್ಕಿಗೂ ಚೆದುರುತ್ತವೆ, ಪಾಳಿ ಬಿಟ್ಟಾಗ ಎಂಐಡಿಸಿ ಕಾರ್ಖಾನೆಗಳ ಗೇಟಿನಿಂದ ಜನ ಚೆದುರುವ ಹಾಗೆ. ನಮಗೆ ಬೇಕಾದದ್ದು ಮಹಾಗಣಪತಿ ಗುಡಿಯ ಸಾಲು. ಎರಡು ಕಡೆ ಕಬ್ಬಿಣದ ಕಂಬಿ, ಉದ್ದನೆಯ ಇಕ್ಕಟ್ಟು ದಾರಿ. ಅದರಿಂದ ಹೊರಬಂದವರು ನೇರ ಮುಂದಕ್ಕೇ ನೋಡುತ್ತಿರುತ್ತಾರೆ. ಕೊಳವೆ ಆ ದಾರಿ. ಓರೆಯಾಗಿ ಹೊರಟ ಪರಮಾಣು ಕೊಳವೆಯ ಗೋಡೆಗೆ ಬಡಿದು ಅಲ್ಲೇ ಉಳಿಯುತ್ತದೆ, ಇಲ್ಲವೇ ಒಲೆಗೆ ಮರಳುತ್ತದೆ. ಒಂದೇ ಕೊಳವೆಯಿಂದ ಬರುವ ಪರಮಾಣುಗಳು ಸಾಲವು, ಅದಕ್ಕೆ ನೂರಿಪ್ಪತ್ತು.

ವಿದ್ಯುತ್ತಿನಿಂದ ಎಳೆದು ನೇರ ಮಾಡಬಾರದೇ ಎಂದು ನೀನು ಕೇಳಬಹುದು. ಈ ಪರಮಾಣುಗಳ ಮೇಲೆ ಒಟ್ಟಾರೆ ಧನ ವಿದ್ಯುದಂಶವೂ ಇಲ್ಲ, ಋಣವೂ ಇಲ್ಲ. ಎಳೆಯಲು ಹಿಡಿಕೆಯೇ ಇಲ್ಲ. ಎಲ್ಲವೂ ಕೊಳವೆ ಮಾಡುವವನ ಕೈಯಲ್ಲಿದೆ.

ಒಂದು ಮಾತು: ಎಣ್ಣೆ ಸವರಬೇಡ. ಗಾಳಿ ತೆಗೆದ ಡಬ್ಬಿಯಲ್ಲಿ ಒಂದು ಹನಿ ಎಣ್ಣೆ ಆವಿಯಾಗಿ ನಮ್ಮ ತಿಂಗಳ ಕೆಲಸ ಹಾಳು ಮಾಡುತ್ತದೆ.

ಒಮ್ಮೆಯಾದರೂ ಫೋನ್ ಎತ್ತು.

ದುರ್ಗಾ

*

ರಾಂಜಣಗಾಂವ
6 ಅಕ್ಟೋಬರ್ 2024

ದುರ್ಗಾ,

ಗುಡಿಯ ಸಾಲಿನ ಮಾತು ತಿಳಿಯಿತು. ಓದಿದ ಮರುದಿನವೇ ಕೆಲಸ ಹಿಡಿದೆ.

ನೀನು ಕಾಗದದ ಜೊತೆ ಕಳಿಸಿದ ಕೊಳವೆ ಇಂಜೆಕ್ಷನ್ ಸೂಜಿಯದು. ಕತ್ತರಿಸಿದರೆ ಬಾಯಿ ಮುಚ್ಚಿಹೋಗುತ್ತದೆ. ಮೂರು ದಿನ ಹಾಗೇ ಆಯಿತು. ನಾಲ್ಕನೆಯ ದಿನ ಕೊಳವೆಯೊಳಗೆ ಸಣ್ಣ ತಂತಿ ಪೋಣಿಸಿ, ತಂತಿ ಸಮೇತ ಕತ್ತರಿಸಿ, ಬಾಯಿ ತಿಕ್ಕಿ, ಆಮೇಲೆ ತಂತಿ ಎಳೆದೆ. ಬೆಳಕಿಗೆ ಹಿಡಿದರೆ ಒಂದೊಂದರಲ್ಲೂ ಆಕಾಶ ಕಾಣುತ್ತದೆ.

ತೋಡಿನ ಕೊನೆಯ ಪದರ ತೆಗೆಯುವಾಗ ಉಳಿ ಹಿಡಿಯುವ ಟೂಲ್ ಪೋಸ್ಟಿನ ಮೇಲೆ ಎಡಗೈ ಇಟ್ಟುಕೊಂಡೇ ಇದ್ದೆ. ಉಳಿ ಹೇಗೆ ನಡೆಯುತ್ತಿದೆಯೆಂದು ಅಂಗೈಗೆ ತಿಳಿಯುತ್ತದೆ.

ಕೊಳವೆ ಜೋಡಿಸಲು ನನ್ನ ಬೆರಳು ದಪ್ಪ. ಅವ್ವ ಮಾಡಿದಳು. "ಇದೇನ್ ಮಹಾ, ಜ್ವಾಳದ ಕಣಿಕಿ ಬಣವಿ ಒಟ್ಟಿದ್ಹಂಗ" ಎಂದು ಚಿಮಟಾ ಹಿಡಿದು ಕೂತಳು. ತಳಕ್ಕೆ ಒಂದು, ಅದರ ಮೇಲೆ ಎರಡು, ಮೂರು, ಹೀಗೆ ಹದಿನೈದು ಸಾಲು. ಎಣಿಸಿದೆ, ಸರಿಯಾಗಿ ನೂರಿಪ್ಪತ್ತು. ಮುಚ್ಚಳ ಹಾಕಿ ಎಂಟೂ ಸ್ಕ್ರೂ ಬಿಗಿದು ಕಳಿಸಿದ್ದೇನೆ. ಮುಚ್ಚಳ ಬಿಚ್ಚಬೇಡ, ಅವ್ವನ ಬಣವೆ ಅಲುಗುತ್ತದೆ.

ಎಣ್ಣೆ ಹಚ್ಚಿಲ್ಲ. ಎಣ್ಣೆ ಹಚ್ಚದೆ ಕೆಲಸ ಕಳಿಸಿದ್ದು ಜೀವನದಲ್ಲಿ ಇದೇ ಮೊದಲು. ಬರಿಮೈಯಲ್ಲಿ ಮಗುವನ್ನು ಊರಿಗೆ ಕಳಿಸಿದ ಹಾಗಾಗಿದೆ.

ನಿನ್ನ ಅಪ್ಪ,
ಗುರಣ್ಣ

*

ಪಾಷಾಣ
24 ನವೆಂಬರ್ 2024

ಅಪ್ಪಾ,

ಬರೆಯಲು ತಡವಾಯಿತು. ದೀಪಾವಳಿಗೂ ಬರಲಾಗಲಿಲ್ಲ.

ನಿನ್ನ ಭಾಗವನ್ನು ಮೇಡಂ ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ಆಮೇಲೆ, "ಇದು ಯಾವ ಕಂಪನಿ?" ಅಂದರು. "ನಮ್ಮಪ್ಪ" ಅಂದೆ. ಹಿಂಭಾಗವಂತೂ ಕನ್ನಡಿ, ಒಂದು ಗುರುತೂ ಇಲ್ಲ. ಅವಿನಾಶ್ ಅದರಲ್ಲಿ ಮುಖ ನೋಡಿಕೊಂಡು ತಲೆ ಬಾಚಿದ.

ಒಲೆಗೆ ಕೂರಿಸಿ, ಡಬ್ಬಿ ಮುಚ್ಚಿ, ಪಂಪ್ ಹಾಕಿ ಐದು ವಾರವಾಯಿತು. ಒಳಗಿನ ಗಾಳಿ ಬೇಕಾದಷ್ಟು ಕಡಿಮೆಯಾಗುತ್ತಿಲ್ಲ. ನಮಗೆ ಬೇಕಾದದ್ದಕ್ಕಿಂತ ನೂರು ಪಟ್ಟು ಹೆಚ್ಚಿಗೆ ನಿಂತುಬಿಟ್ಟಿದೆ. ಈ ಸ್ಥಿತಿಯಲ್ಲಿ ಕಾಯಿಸಿದರೆ ಲೋಹಕ್ಕೆ ತುಕ್ಕು ಹಿಡಿದಂತಾಗಿ ಕೊಳವೆಗಳು ಕಟ್ಟಿಕೊಳ್ಳುತ್ತವೆ. ಒಳಗಿರುವುದು ಯಾವ ಅನಿಲ ಎಂದು ಉಪಕರಣ ತೋರಿಸುತ್ತದೆ: ಸಾಮಾನ್ಯ ಗಾಳಿ. ಎಲ್ಲೋ ಹೊರಗಿನಿಂದ ಸೋರುತ್ತಿದೆ. ಯಾವುದೋ ಬೆಸುಗೆ, ಯಾವುದೋ ಸಂದು. ಹುಡುಕುತ್ತಿದ್ದೇವೆ.

ನಿನ್ನ ಭಾಗದಲ್ಲಿ ತೊಂದರೆ ಇಲ್ಲ. ಅದು ಇಡಿಯಾಗಿ ಡಬ್ಬಿಯ ಒಳಗೇ ಇದೆ, ಅದರಿಂದ ಹೊರಗಿನ ಗಾಳಿ ಬರುವ ಪ್ರಶ್ನೆಯೇ ಇಲ್ಲ.

ದುರ್ಗಾ

*

ಪಾಷಾಣ
29 ಡಿಸೆಂಬರ್ 2024

ಅಪ್ಪಾ,

ನೀನು ಉತ್ತರ ಬರೆಯಲಿಲ್ಲ. ಮೊನ್ನೆ ಮೂರು ಸಲ ಫೋನ್ ಮಾಡಿದೆ. ಮೂರನೆಯ ಸಲ ಅವ್ವ, "ಕೊಡ್ತೀನಿ ತಡಿ" ಅಂದಳು. ನೀನು, "ಬ್ಯಾಡ, ಬ್ಯಾಡ" ಅಂದದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.

ಇಲ್ಲಿ ಒಂಬತ್ತು ಸಂದು ಬಿಚ್ಚಿ ಹೊಸ ತಾಮ್ರದ ಬಳೆ ಹಾಕಿದೆವು. ಹೊರಗಿನಿಂದ ಪ್ರತಿ ಸಂದಿಗೂ ಹೀಲಿಯಂ ಊದಿದೆ. ಸೋರಿಕೆ ಇದ್ದರೆ ಒಳಗಿನ ಯಂತ್ರ ಕೂಗಬೇಕು. ಹನ್ನೊಂದು ದಿನ ಊದಿದೆ. ಒಮ್ಮೆಯೂ ಕೂಗಲಿಲ್ಲ. ಮೇಡಂ ರೆಡಿಮೇಡ್ ಕಿರಣದ ಕಾಗದಪತ್ರ ತರಿಸಿ ಮೇಜಿನ ಮೇಲಿಟ್ಟಿದ್ದಾರೆ. ಆರು ವಾರ ಉಳಿದಿದೆ.

ನಾನು ಮೇ ತಿಂಗಳಲ್ಲಿ ಆಡಿದ ಮಾತಿಗೆ ಎಷ್ಟು ದಿನ ಶಿಕ್ಷೆ, ಅಪ್ಪಾ? ನನ್ನ ಕೆಲಸ ನಿಂತಿರುವಾಗ ನೀನು ಐದು ನಿಮಿಷ ಮಾತಾಡಿದ್ದರೆ ಸಾಕಿತ್ತು.

ದುರ್ಗಾ

*

ರಾಂಜಣಗಾಂವ
ಸಂಕ್ರಾಂತಿ ಇನ್ನ ಒಂಬತ್ತು ದಿನ ಅದ

ದುರ್ಗವ್ವಾ,

ನಾನು ನಿಮ್ಮವ್ವ ಅನುಸೂಯಾ ಬರಿಯೂದು. ನಾ ಐದನೇತ್ತ ಕಲತಾಕಿ, ತಪ್ಪಿದ್ರ ಓದಿಕೋ. ಭೀಮಣ್ಣನ ಕೈಲೆ ಪೋಸ್ಟಿಗೆ ಹಾಕಸ್ತೀನಿ. ನಿಮ್ಮಪ್ಪಗ ಗೊತ್ತಿಲ್ಲ.

ಅವರಿಗೆ ಸಿಟ್ಟಿಲ್ಲ. ಕಿವಿ ಕೇಳೂದಿಲ್ಲ. ಎಡಗಿವಿ ಹೋಗಿ ಎರಡ ವರ್ಷ ಆತು. ಬಲಗಿವಿ ಈ ಬ್ಯಾಸಿಗ್ಯಾಗ. ನೀ ಮೇ ತಿಂಗಳದಾಗ ಬಂದಾಗ ಏನಂದಿ ಅಂತ ಅವರಿಗೆ ಗೊತ್ತೇ ಇದ್ದಿಲ್ಲ. ನೀ ನಕ್ಕಿ ಅಂತ ಅವರೂ ನಕ್ರು, ಚಹಾಕ್ಕ ಹೋದ್ರು. ನಿನ್ನ ಕಾಗದ ಬಂದ ಮ್ಯಾಲೇ ತಿಳದದ್ದು. ಅದನ್ನ ಓದಿ, "ನೋಡು, ಮಗಳು ಎಷ್ಟ ಮನಸಿಗೆ ಹಚಗೊಂಡಾಳ" ಅಂತ ಕಣ್ಣೀರ ತಗದ್ರು.

ಯಾರಿಗೂ ಹೇಳಬ್ಯಾಡ ಅಂತ ಆಣಿ ಹಾಕ್ಯಾರ. ಲೇಥ್ ನಡಸೂ ಟರ್ನರ್‌ಗ ಮಷೀನಿನ ಸಪ್ಪಳ ಕೇಳಬೇಕಂತ. ಶೇಠಗ ತಿಳದ್ರ ಲೇಥ್ ಬಿಡಸಿ ಗೇಟಿಗೆ ಕುಂಡರಸ್ತಾನ ಅಂತ ಅಂಜಿಕಿ. ಆಣಿ ಮುರದೀನಿ. ನೀ ಅಳಬ್ಯಾಡ. ನಿಂದೂ ತಪ್ಪಿಲ್ಲ, ಅವರದೂ ಇಲ್ಲ.

ಉತ್ತರ ಯಾಕ ಬರೀಲಿಲ್ಲ ಅಂದ್ರ, ಗಾಳಿ ಸೋರತೈತಿ ಅಂತ ನೀ ಬರದಿದ್ದಿಯಲ್ಲ, ಅದನ್ನ ಓದಿದಾಗಿಂದ ಡ್ರಾಯಿಂಗ್ ತೊಡಿ ಮ್ಯಾಲೆ ಇಟಗೊಂಡು ಕುಂತಾರ. ಊಟ ತಣ್ಣಗ ಆದ್ರೂ ಏಳೂದಿಲ್ಲ.

ನಿಮ್ಮವ್ವ

*

ಪಾಷಾಣ
10 ಜನವರಿ 2025

ಅಪ್ಪಾ,

ಕಳೆದ ಸಲ ಬರೆದ ಕಾಗದವನ್ನು ಹರಿದುಹಾಕು. ಕೆಲಸದ ಒತ್ತಡದಲ್ಲಿ ಬರೆದದ್ದು.

ಒಂದು ಪ್ರಶ್ನೆ ಇದೆ. ನಿನ್ನೆ ಮೇಡಂ ಹೇಳಿದರು: "ಹೊರಗಿಂದ ಬರ್ತಿಲ್ಲ ಅಂದ್ಮೇಲೆ ಒಳಗೇ ಎಲ್ಲೋ ಗಾಳಿ ಸಿಕ್ಕಿಕೊಂಡಿದೆ. ಸ್ವಲ್ಪಸ್ವಲ್ಪವೇ ಬಿಡ್ತಿದೆ." ನನ್ನ ಡ್ರಾಯಿಂಗಿನಲ್ಲಿ ಎಂಟು ಸ್ಕ್ರೂ ತೂತುಗಳೂ ಆರಪಾರ, ಈ ಕಡೆಯಿಂದ ಆ ಕಡೆಗೆ, ಇದ್ದವು. ನೀನು ಕಳಿಸಿದ್ದರ ಹಿಂಭಾಗ ಕನ್ನಡಿಯಂತೆ ನುಣುಪಾಗಿತ್ತು. ಆಗ ಹೊಗಳಿದೆ, ಯೋಚಿಸಲಿಲ್ಲ.

ತೂತುಗಳನ್ನು ಅರ್ಧಕ್ಕೆ ನಿಲ್ಲಿಸಿದ್ದೀಯಾ?

ಬಿಡುವಾದಾಗ ಬರೆ. ಅವಸರವಿಲ್ಲ.

ಪ್ರೀತಿಯ,
ದುರ್ಗಾ

*

ರಾಂಜಣಗಾಂವ
14 ಜನವರಿ 2025, ಸಂಕ್ರಾಂತಿ

ದುರ್ಗಾ,

ಅವಸರವಿದೆ. ನನಗೆ ಪೇಪರಿನ ತಾರೀಖು ನೋಡಲು ಬರುತ್ತದೆ.

ಹೌದು, ಅರ್ಧಕ್ಕೆ ನಿಲ್ಲಿಸಿದ್ದೇನೆ. ಆರು ವಾರದಿಂದ ಇದನ್ನೇ ಬರೆಯಲು ಕೂತು ಏಳುತ್ತಿದ್ದೆ. ಮಗಳ ಡಬ್ಬಿಯಲ್ಲಿ ಗಾಳಿ ಇರಬಾರದು, ಆರಪಾರ ತೂತು ಇಟ್ಟರೆ ಅದರಿಂದ ಗಾಳಿ ನುಗ್ಗುತ್ತದೆ, ಹುಡುಗಿ ಡ್ರಾಯಿಂಗಿನಲ್ಲಿ ಮರೆತಿದ್ದಾಳೆ, ನಾವೇ ಸರಿಪಡಿಸೋಣ ಎಂದುಕೊಂಡೆ. ನಿನ್ನನ್ನು ಕೇಳಲಿಲ್ಲ. ಕೇಳಿದರೆ ಮತ್ತೆ ನಗುತ್ತೀಯೆಂದು. ಭಾಗ ಇಡಿಯಾಗಿ ಒಳಗೇ ಇರುತ್ತದೆಂದು ನಿನ್ನ ನವೆಂಬರಿನ ಕಾಗದದಲ್ಲಿ ಓದಿದ ಮೇಲೆ ತಪ್ಪು ತಿಳಿಯಿತು, ಡ್ರಾಯಿಂಗ್ ತೆಗೆದು ಕೂತೆ. ಸ್ಕ್ರೂ ಬಿಗಿಯುವಾಗ ಕೊನೆಯ ಸುತ್ತಿಗೆ ಒಳಗಿನಿಂದ ಏನೋ ಮೆತ್ತಗೆ ಒತ್ತಿದಂತೆ ಕೈಗೆ ತಿಳಿದಿತ್ತು. ಅದು ಸ್ಕ್ರೂವಿನ ಕೆಳಗೆ, ತಳ ಮುಚ್ಚಿದ ತೂತಿನಲ್ಲಿ ಸಿಕ್ಕಿಕೊಂಡ ಗಾಳಿ. ಎಷ್ಟು ಬಿಗಿಯಾಗಿ ಕೂರಿಸಿದೆನೆಂದರೆ ಅದಕ್ಕೆ ಹೊರಬರಲು ಮೂರು ತಿಂಗಳೂ ಸಾಲಲಿಲ್ಲ.

ನಿನ್ನ ಕೆಲಸ ನಿಲ್ಲಿಸಿದವನು ನಾನೇ. ಮೇಡಂ ಮುಂದೆ ನನ್ನ ಹೆಸರು ಹೇಳು.

ಈಗ ದಾರಿ. ಭಾಗವನ್ನು ಬಿಚ್ಚುವುದು ಬೇಡ. ಎಂಟು ಹೊಸ ಸ್ಕ್ರೂ ತಂದು, ಲೇಥಿಗೆ ಕಟ್ಟಿ, ಪ್ರತಿಯೊಂದರ ನಡುವೆ ತಲೆಯಿಂದ ತುದಿಯವರೆಗೆ ಒಂದು ಮಿಲಿಮೀಟರಿನ ತೂತು ಕೊರೆದಿದ್ದೇನೆ. ಒಂದು ಹಳೆಯ ಸ್ಕ್ರೂ ಬಿಚ್ಚಿ ಅಲ್ಲಿಗೆ ಒಂದು ಹೊಸದು, ಆಮೇಲೆ ಇನ್ನೊಂದು. ಮುಚ್ಚಳ ಏಳುವುದಿಲ್ಲ, ಬಣವೆ ಅಲುಗುವುದಿಲ್ಲ, ಸಿಕ್ಕಿಕೊಂಡ ಗಾಳಿಗೆ ದಾರಿ ಸಿಗುತ್ತದೆ. ಐದು ಡ್ರಿಲ್ ಮುರಿದವು. ಎಣ್ಣೆ ಇಲ್ಲ.

ರವಿವಾರ ಮೊದಲ ಎಸ್‌ಟಿ ಬಸ್ಸಿಗೆ ನಾನೇ ತರುತ್ತೇನೆ. ಅವ್ವನ ಎಳ್ಳಿನ ಹೋಳಿಗೆಯೂ ಇದೆ.

ಅಪ್ಪ

*

ಪಾಷಾಣ
13 ಫೆಬ್ರವರಿ 2025

ಅಪ್ಪಾ,

ಮೊದಲು ಸುದ್ದಿ: ನಿನ್ನೆ ಕಮಿಟಿಗೆ ಕಿರಣ ತೋರಿಸಿದೆವು. ರೆಡಿಮೇಡ್ ಕಾಗದಗಳ ಹಿಂಭಾಗವನ್ನು ಮೇಡಂ ಲೆಕ್ಕ ಬಿಡಿಸಲು ಬಳಸುತ್ತಿದ್ದಾರೆ.

ನೀನು ಬಂದು ಹೋದ ಮರುದಿನವೇ ಗಾಳಿಯ ಒತ್ತಡ ತೋರಿಸುವ ಮುಳ್ಳು ಇಳಿಯತೊಡಗಿತು. ಒಂದು ವಾರ ಡಬ್ಬಿಯನ್ನು ಹೊರಗಿನಿಂದ ಬಿಸಿ ಮಾಡಿದ ಮೇಲೆ ಬೇಕಾದ ಮಟ್ಟ ದಾಟಿ ಕೆಳಗಿಳಿಯಿತು.

ಆಮೇಲೆ ನೀನು ನುಡಿದ ಭವಿಷ್ಯ. ಆ ದಿನ ನೀನು ದೊಡ್ಡ ಪಂಪಿನ ಮೇಲೆ ಅಂಗೈಯಿಟ್ಟು, "ಇದರ ಬೇರಿಂಗ್ ಹೋಗ್ಯಾದ್ರಿ ಮೇಡಂ, ಇನ್ನ ಹದಿನೈದು ದಿನ" ಅಂದಾಗ ಅವಿನಾಶ್ ನಕ್ಕ. ಮೇಡಂ ನಗಲಿಲ್ಲ. ಅವತ್ತೇ ಹೊಸ ಬೇರಿಂಗ್‌ಗೆ ಬರೆದರು. ಪಂಪ್ ನಿಂತದ್ದು ಫೆಬ್ರವರಿ ಮೂರಕ್ಕೆ. ಸರಿಯಾಗಿ ಹದಿನೈದನೆಯ ದಿನ! ಬೇರಿಂಗ್ ಆಗಲೇ ಕಪಾಟಿನಲ್ಲಿತ್ತು. ಇಲ್ಲದಿದ್ದರೆ ಹನ್ನೆರಡನೆಯ ತಾರೀಖು ತಪ್ಪುತ್ತಿತ್ತು. ಅವಿನಾಶ್ ಈಗ ಎಲ್ಲ ಪಂಪುಗಳ ಮೇಲೂ ಕೈಯಿಟ್ಟು ಕಣ್ಣು ಮುಚ್ಚಿ ನಿಲ್ಲುತ್ತಾನೆ. ಅವನಿಗೆ ಏನೂ ತಿಳಿಯುವುದಿಲ್ಲ.

ಹತ್ತನೆಯ ತಾರೀಖು ಒಲೆ ಕಾಯಿಸಿದೆವು. ಕಿರಣಕ್ಕೆ ಅಡ್ಡಲಾಗಿ ನೀಲಿ ಲೇಸರ್ ಹಾಯಿಸಿದೆ. ಕಿಟಕಿಯಲ್ಲಿ ಮೊದಲು ಏನೂ ಕಾಣಲಿಲ್ಲ. ಲೇಸರಿನ ಬಣ್ಣವನ್ನು ಕೂದಲೆಳೆಯಷ್ಟು ಬದಲಿಸಿದೆ. ಪರಮಾಣುಗಳು ಆ ಬೆಳಕನ್ನು ಹೀರಿ ಹೊಳೆದವು, ಶೂನ್ಯದ ನಡುವೆ ಒಂದು ನೀಲಿ ಚುಕ್ಕೆ ಹೊತ್ತಿಕೊಂಡಿತು. ಜೋಳದ ಕಾಳಿನಷ್ಟು. ಅಷ್ಟೇ, ಅದರ ಆಚೆಗೆ ಒಂದು ಪರಮಾಣುವೂ ಚೆದುರಿಲ್ಲ. ಅಳತೆ ನಾನು ಲೆಕ್ಕ ಹಾಕಿದ್ದಕ್ಕಿಂತ ಕಿರಿದಾಗಿದೆ.

ಕಮಿಟಿಯ ಒಬ್ಬರು ತೂತಿನ ಸ್ಕ್ರೂ ಯಾಕೆ ಎಂದು ಕೇಳಿದರು. ಡ್ರಾಯಿಂಗಿನಿಂದ ಭಾಗ ಬದಲಾಗಿ ಬಂದದ್ದನ್ನು ನಾನು ಪರೀಕ್ಷಿಸದೆ ಕೂರಿಸಿದೆ ಎಂದೆ. ಅದು ನಿಜ. ಹಿಂಭಾಗದಲ್ಲಿ ಮುಖ ನೋಡಿಕೊಂಡವರು ನಾವು.

ಇನ್ನೊಂದು ಮಾತು, ಅಪ್ಪಾ. ನಮ್ಮ ಲ್ಯಾಬಿನಲ್ಲಿ ಪಂಪುಗಳ ಗದ್ದಲಕ್ಕೆ ಎಲ್ಲರೂ ಕೂಗಿಯೇ ಮಾತಾಡುತ್ತಾರೆ. ಅವತ್ತು ಅವಿನಾಶ್ ಕಿವಿಯ ಹತ್ತಿರ ಬಂದು, "ಕಾಕಾ, ಚಹಾ ತಗೋತೀರಾ?" ಎಂದು ಕಿರುಚಿದಾಗ ನೀನು, "ಹ್ಞೂಂ, ಸಕ್ಕರಿ ಕಮ್ಮಿ" ಅಂದೆ. ಎಷ್ಟು ಆರಾಮಾಗಿ ನಕ್ಕೆ! ಒಂದು ವರ್ಷದಲ್ಲಿ ನಿನ್ನನ್ನು ಹಾಗೆ ನೋಡಿರಲಿಲ್ಲ. ಬಸ್ಸು ಹತ್ತಿಸುವಾಗ ಎದುರಿಗೆ ನಿಂತು, ನಿನಗೆ ತುಟಿ ಕಾಣುವಂತೆ, "ಮುಟ್ಟಿದ ಮ್ಯಾಲೆ ಬರಿ" ಅಂದೆ. ಫೋನ್ ಮಾಡು ಅನ್ನಲಿಲ್ಲ. ನಿನ್ನ ಕಿವಿಯ ಮಾತು ನನಗೆ ಗೊತ್ತಿದೆಯೆಂದು ನಿನಗೆ ತಿಳಿಯಿತು, ಅದು ನನಗೂ ತಿಳಿಯಿತು.

ಅವ್ವನ ಮೇಲೆ ಸಿಟ್ಟಾಗಬೇಡ. ಇಪ್ಪತ್ತೆರಡಕ್ಕೆ, ಶನಿವಾರ, ಕಿವಿಯ ಡಾಕ್ಟರರ ಹತ್ತಿರ ಹೆಸರು ಬರೆಸಿದ್ದೇನೆ. ಹನ್ನೊಂದು ಗಂಟೆಗೆ ಅಲ್ಲಿ, ಅದಕ್ಕೆ ಮೊದಲು ಲ್ಯಾಬಿಗೆ ಬಾ. ಅವ್ವನನ್ನೂ ಕರೆದುಕೊಂಡು ಬಾ. ನೀಲಿ ಚುಕ್ಕೆ ಉರಿಸಿಟ್ಟಿರುತ್ತೇನೆ.

ದುರ್ಗಾ

*

ರಾಂಜಣಗಾಂವ
9 ಮಾರ್ಚ್ 2025

ದುರ್ಗಾ,

ಇಪ್ಪತ್ತೆರಡಕ್ಕೆ ಲ್ಯಾಬಿನಲ್ಲಿ ನೀಲಿ ಚುಕ್ಕೆ ನೋಡಿದ್ದರ ಮಾತು ಉಳಿದಿತ್ತು. ಈಗ ಬರೆಯುತ್ತೇನೆ. ಆ ಚುಕ್ಕೆಯನ್ನು ನೋಡುತ್ತ, ನಾನು ಮಾಡಿದ ಯಾವ ವಸ್ತುವೂ ಕೊನೆಗೆ ಎಲ್ಲಿ ಕೂರುತ್ತದೆ, ಏನು ಮಾಡುತ್ತದೆ ಎಂಬುದನ್ನು ಇಪ್ಪತ್ತೊಂಬತ್ತು ವರ್ಷದಲ್ಲಿ ಕಂಡಿರಲಿಲ್ಲ ಎಂಬುದು ನೆನಪಾಯಿತು. ಬುಶ್ ಪೆಟ್ಟಿಗೆಯಲ್ಲಿ ಹೋಗುತ್ತದೆ, ಮುಗಿಯಿತು. ಅವ್ವ ಮಾತ್ರ ಈಗಲೂ, "ಬಣವಿ ನಂದು" ಎಂದು ಓಣಿಯವರಿಗೆಲ್ಲ ಹೇಳುತ್ತಿದ್ದಾಳೆ.

ಕಿವಿಯ ಮಷೀನ್ ಮೊನ್ನೆ ಹಾಕಿದರು. ಮುಚ್ಚಿಡಲು ಆಗುವುದಿಲ್ಲವೆಂದು ಶೇಠರಿಗೆ ನಾನೇ ಹೇಳಿದೆ. ಅವರು ಎದುರಿಗೆ ಬಂದು ನಿಂತು, "ಗುರಣ್ಣಾ, ಮಲಾ ವರ್ಷಭರ ಮಾಹೀತ ಆಹೇ" ಎಂದರು. ಒಂದು ವರ್ಷದಿಂದ ಗೊತ್ತಂತೆ. ಯೋಚಿಸಿ ನೋಡಿದೆ. ನಿಜ, ವರ್ಷದಿಂದ ಅವರು ನನ್ನನ್ನು ಬೆನ್ನ ಹಿಂದಿನಿಂದ ಕರೆದದ್ದೇ ಇಲ್ಲ. ಪ್ರತಿ ಸಲ ಸುತ್ತಿ ಬಂದು ಮುಂದೆ ನಿಂತೇ ಮಾತಾಡಿದ್ದಾರೆ. ಲೇಥ್ ನನ್ನದೇ.

ಮಷೀನಿನಲ್ಲಿ ಮೊದಲು ಕೇಳಿಸಿದ್ದು ಅವ್ವ ರೊಟ್ಟಿ ಬಡಿಯುವ ಸಪ್ಪಳ. ಇಷ್ಟು ಜೋರಾಗಿ ಬಡಿಯುತ್ತಾಳೆಂದು ಮರೆತಿದ್ದೆ.

ಇನ್ನು ಮೇಲೆ ಫೋನ್ ಎತ್ತುತ್ತೇನೆ. ಆದರೆ ಒಂದು ಶರತ್ತು. ನಿನ್ನ ಏಳು ತಿಂಗಳ ಕಾಗದಗಳು ನನ್ನ ಮೈಕ್ರೋಮೀಟರಿನ ಡಬ್ಬಿಯಲ್ಲಿವೆ. ಡಬ್ಬಿಯಲ್ಲಿ ಇನ್ನೂ ಜಾಗವಿದೆ. ಕೆಲಸದ ಮಾತು ಫೋನಿನಲ್ಲಿ ಹೇಳು. ಉಳಿದದ್ದನ್ನು ಬರೆ.

ನಿನ್ನ ಅಪ್ಪ,
ಗುರಣ್ಣ